ನೆಲಮಂಗಲ ಹತ್ತಿರದ ಗೋಡೌನ್ ಅಂಗಡಿಯಲ್ಲಿ 55 ಇಂಚಿನ ಟಿವಿ: ತಗೊಳ್ಳಬಹುದಾ?

ಶೆಟ್ಟಿಹಳ್ಳಿ ನಿವಾಸಿ
ನಮಸ್ಕಾರ. ತುಮಕೂರಿನವರ ಸಲಹೆ ಬೇಕು. ಮನೆಯ 32 ಇಂಚಿನ ಟಿವಿ ಕೈಕೊಟ್ಟಿದೆ. ಪ್ಯಾನೆಲ್, ಅಂದರೆ ಚಿತ್ರ ಮೂಡುವ ಪರದೆಯೇ, ಹೋಗಿದೆ, ಅದನ್ನು ಹಾಕಿಸುವ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತದೆ ಎಂದು ರಿಪೇರಿಯವರು ಹೇಳಿದರು. ಬಜೆಟ್ 40 ಸಾವಿರ. ಎಳೆದಾಡಿದರೆ 42.

ಬೆಂಗಳೂರಿಗೆ ಹೋಗುವ ದಾರಿಯಲ್ಲಿ ನೆಲಮಂಗಲದ ಹತ್ತಿರ ಒಂದು ದೊಡ್ಡ ಡಿಸ್ಕೌಂಟ್ ಗೋಡೌನ್ ಅಂಗಡಿ ಇದೆ. ಹೆಸರು ಬೇಡ. ಅಲ್ಲಿ ಎಲ್‌ಜಿ 55 ಇಂಚಿನ 4ಕೆ ಟಿವಿಗೆ 34,000 ಹೇಳುತ್ತಿದ್ದಾರೆ. ಅದೇ ಎಲ್‌ಜಿ 55 ಇಂಚು ನಮ್ಮ ಬಿ.ಎಚ್. ರಸ್ತೆಯ ಅಂಗಡಿಯಲ್ಲಿ 42,000. ಎಂಟು ಸಾವಿರ ಉಳಿದರೆ ಒಂದು ಸೌಂಡ್‌ಬಾರೇ ಬಂತಲ್ಲ?

ಮನೆಯಲ್ಲಿ ನೋಡುವುದು ಇಷ್ಟು. ಸಂಜೆ ಆರರಿಂದ ಹತ್ತರವರೆಗೆ ಅಮ್ಮನ ಸೀರಿಯಲ್. ನನಗೆ ಕ್ರಿಕೆಟ್. ಮಗಳಿಗೆ ಯೂಟ್ಯೂಬ್. ಸೋಫಾದಿಂದ ಟಿವಿ ಗೋಡೆಗೆ ಒಂಬತ್ತು ಅಡಿ. ಅಮ್ಮ ಕೂರುವುದು ಪಕ್ಕದ ದಿವಾನ್ ಮೇಲೆ, ಅಲ್ಲಿಂದ ಟಿವಿ ಓರೆಯಾಗಿ ಕಾಣುತ್ತದೆ. ಡಿಶ್ ಇದೆ, ಬ್ರಾಡ್‌ಬ್ಯಾಂಡ್ ಇದೆ. ತಗೊಳ್ಳಲಾ, ಬೇಡವಾ?

ಗುಬ್ಬಿಗೇಟ್ ಗುರು
ಇದರಲ್ಲಿ ಕೇಳುವುದೇನಿದೆ ಅಣ್ಣ? ಎಂಟು ಸಾವಿರ ಯಾರು ಸುಮ್ನೆ ಕೊಡುತ್ತಾರೆ? ಭಾನುವಾರ ಗಾಡಿ ತಗೊಂಡು ಹೋಗಿ ಎತ್ತಾಕಿಕೊಂಡು ಬನ್ನಿ.

ರಿಪೇರಿ ಟೇಬಲ್
ಒಂದು ನಿಮಿಷ. ಎರಡೂ ಕಡೆಯ ಮಾಡೆಲ್ ನಂಬರ್ ಹಾಕಿ. ‘ಎಲ್‌ಜಿ 55 ಇಂಚು’ ಎಂದರೆ ಏನೂ ಹೇಳಿದಂತಾಗಲಿಲ್ಲ. ಒಂದೇ ಕಂಪನಿಯಲ್ಲಿ 55 ಇಂಚಿನವೇ ಹತ್ತಾರು ಇರುತ್ತವೆ.

ಶೆಟ್ಟಿಹಳ್ಳಿ ನಿವಾಸಿ
ಫೋಟೋ ತೆಗೆದಿದ್ದೆ, ನೋಡಿದೆ. ಗೋಡೌನಿನದು 55 ಆದ ಮೇಲೆ ‘ಯುಆರ್’ ಎಂದು ಶುರುವಾಗುತ್ತದೆ. ಬಿ.ಎಚ್. ರಸ್ತೆಯದು ‘ಯುಎ’. ಅಷ್ಟೇ ವ್ಯತ್ಯಾಸ.

ರಿಪೇರಿ ಟೇಬಲ್
ಅಲ್ಲೇ ಇದೆ ನೋಡಿ ನಿಮ್ಮ ಎಂಟು ಸಾವಿರ. ಎಲ್‌ಜಿಯ ಸಾಧಾರಣ 4ಕೆ ಟಿವಿಗಳಲ್ಲಿ ಆ ಎರಡು ಅಕ್ಷರ ವರ್ಷ ಹೇಳುತ್ತವೆ. ಯುಕ್ಯು ಅಂದರೆ 2022. ಯುಆರ್ 2023. ಯುಟಿ 2024. ಯುಎ 2025. ಸ್ಯಾಮ್‌ಸಂಗ್‌ನಲ್ಲೂ ಇದೇ ಥರ: ಎಯು 2021, ಬಿಯು 2022, ಸಿಯು 2023, ಡಿಯು 2024. ನೀವು ಹೋಲಿಸುತ್ತಿರುವುದು 2023ರ ಸೆಟ್ಟನ್ನು 2025ರ ಸೆಟ್ಟಿನ ಜೊತೆ.

ಹಳೆ ವರ್ಷದ್ದು ಎಂದರೆ ಕೆಟ್ಟದ್ದು ಅಂತಲ್ಲ. ಈ ದರ್ಜೆಯಲ್ಲಿ ವರ್ಷದಿಂದ ವರ್ಷಕ್ಕೆ ಚಿತ್ರ ಅಷ್ಟೇನೂ ಬದಲಾಗುವುದಿಲ್ಲ. ಆದರೆ ಡಿಸ್ಕೌಂಟ್ ಎಲ್ಲಿಂದ ಬಂತು ಎಂಬುದು ಗೊತ್ತಿರಬೇಕು. ಡಬ್ಬದ ಮೇಲೆ ತಯಾರಾದ ತಿಂಗಳು, ವರ್ಷ ಅಚ್ಚು ಹಾಕಿರಲೇಬೇಕು, ಅದು ಕಾನೂನು. ಅದನ್ನು ಓದಿ. ಡಿಸ್‌ಪ್ಲೇಗೆ ಇಟ್ಟಿದ್ದ ಪೀಸನ್ನೇ ಡಬ್ಬಕ್ಕೆ ಹಾಕಿ ಟೇಪ್ ಹೊಡೆದಿಲ್ಲವೇ ಅನ್ನುವುದನ್ನೂ ನೋಡಿ.

ಗುಬ್ಬಿಗೇಟ್ ಗುರು
ಓಹೋ. ಇದು ನನಗೂ ಗೊತ್ತಿರಲಿಲ್ಲ.

ಲೆಕ್ಕದ ಪುಸ್ತಕ
ಡಿಸ್ಕೌಂಟ್ ವಿಷಯಕ್ಕೆ ನನ್ನದೂ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಶೇ 10 ಕಡಿಮೆಯಾಯಿತು ಅಂತ ಎಲ್ಲರೂ ಹೇಳುತ್ತಾರೆ. ಕೈಗೆ ಸಿಗುವುದು ಅಷ್ಟಲ್ಲ. ಮೂಲ ಬೆಲೆ 100 ಇದ್ದರೆ ಮೊದಲು 128 ಕೊಡುತ್ತಿದ್ದಿರಿ, ಈಗ 118. ಅಂದರೆ ಶೇ 8ಕ್ಕೆ ಸ್ವಲ್ಪ ಕಡಿಮೆ. 42 ಸಾವಿರದ ಟಿವಿಗೆ ಮೂರು ಸಾವಿರದ ಮೇಲಾಯಿತು. ಆ ಇಳಿಕೆ ಯಾವ ಅಂಗಡಿಗೆ ಹೋದರೂ ಸಿಗಬೇಕು. ಹಳೆ ಸ್ಟಾಕ್ ಡಬ್ಬದ ಮೇಲೆ ಹಳೆ ತೆರಿಗೆಯ ಎಂಆರ್‌ಪಿ ಹಾಗೇ ಇರುತ್ತದೆ. ಅದನ್ನು ಹೊಡೆದು ಹಾಕಿ ಪಕ್ಕದಲ್ಲಿ ‘ಶೇ 55 ರಿಯಾಯಿತಿ’ ಎಂದು ಕೆಂಪು ಚೀಟಿ ಅಂಟಿಸಿದರೆ ಅಂಗಡಿಯವರೇ ಜೇಬಿನಿಂದ ಕೊಟ್ಟ ಹಾಗೆ ಕಾಣುತ್ತದೆ. ಎಂಆರ್‌ಪಿಗೆ ಟಿವಿ ಕೊಂಡವರನ್ನು ಯಾರಾದರೂ ನೋಡಿದ್ದೀರಾ?

ಇನ್ನು ಸಾಗಾಟ. ಗೋಡೌನಿನವರು ತುಮಕೂರಿಗೆ ತಂದು ಕೊಡುತ್ತಾರಾ? ಅದಕ್ಕೆ ಎಷ್ಟು? ಗೋಡೆಗೆ ಹಾಕುವ ಸ್ಟ್ಯಾಂಡ್ ಸೇರಿದೆಯಾ? ‘ನೋ ಕಾಸ್ಟ್ ಇಎಂಐ’ ಅಂದರೆ ಪ್ರೊಸೆಸಿಂಗ್ ಫೀ ಎಷ್ಟು ಕೇಳಿ. ಕಾರ್ಡಿನ ಇಎಂಐನಲ್ಲಿ ಬಡ್ಡಿ ಭಾಗವನ್ನು ರಿಯಾಯಿತಿಯಾಗಿ ತೋರಿಸಿದರೂ ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ನಿಮ್ಮ ತಲೆಗೇ ಬರುತ್ತದೆ. ಇದೆಲ್ಲ ಕೂಡಿಸಿ ಆಮೇಲೆ ಎಂಟು ಸಾವಿರದ ಮಾತಾಡೋಣ.

ಎಸ್ಸೆಸ್ ಪುರಂ ಅಕ್ಕ
ಗಂಡಸರೆಲ್ಲ ಬೆಲೆ ಹಿಡಿದುಕೊಂಡಿದ್ದೀರಿ. ದಿನಕ್ಕೆ ನಾಲ್ಕು ಗಂಟೆ ಆ ಟಿವಿ ನೋಡುವವರು ಇವರ ಅಮ್ಮ. ಅವರಿಗೆ ಹೇಗೆ ಕಾಣುತ್ತದೆ ಎಂದು ಯಾರೂ ಕೇಳಲಿಲ್ಲ, ಅಲ್ವಾ?

ನಮ್ಮ ಮನೆಗೂ 55 ಇಂಚು ಬಂತು. ಅಂಗಡಿಯಲ್ಲಿ ಸಮುದ್ರ, ಮೀನು, ಹೂವಿನ ವಿಡಿಯೋ ಹಾಕಿದ್ದರು, ಕಣ್ಣು ಕುಕ್ಕುವಂತಿತ್ತು. ಮನೆಗೆ ತಂದು ಸೀರಿಯಲ್ ಹಾಕಿದರೆ ನಾಯಕಿಯ ಮುಖ ಕಲಸಿದ ಹಿಟ್ಟಿನ ಹಾಗೆ. ಮೂಗು ಎಲ್ಲಿ ಮುಗಿಯಿತು, ಕೆನ್ನೆ ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ. ಅತ್ತೆ ಎರಡೇ ದಿನಕ್ಕೆ, ‘ನಮ್ಮ ಹಳೆ ಟಿವಿನೇ ವಾಸಿ’ ಎಂದುಬಿಟ್ಟರು. ಕಂಪನಿಯ ಹುಡುಗ ಬಂದು ನೋಡಿ, ಟಿವಿ ಸರಿ ಇದೆ, ನಿಮ್ಮ ಸೆಟ್‌ಟಾಪ್ ಬಾಕ್ಸ್ ಹಳೆಯದು ಎಂದ. ಎಚ್‌ಡಿ ಬಾಕ್ಸ್ ಹಾಕಿಸಿದ ಮೇಲೆ ಸೀರೆಯ ಬಾರ್ಡರ್ ಕೂಡ ಕಾಣುತ್ತಿದೆ.

ಸಿರಾ ಗೇಟ್ ಕೇಬಲ್
ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಈ ಕೆಲಸದಲ್ಲೇ ಇರುವವನು. ಲೆಕ್ಕ ಹೇಳುತ್ತೇನೆ. ಸಾದಾ ಎಸ್‌ಡಿ ಚಾನೆಲ್ ಚಿತ್ರ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆ. ಒಟ್ಟು ನಾಲ್ಕು ಲಕ್ಷದ ಮೇಲೆ ಸ್ವಲ್ಪ. 4ಕೆ ಪರದೆಯಲ್ಲಿ 3840ಕ್ಕೆ 2160, ಅಂದರೆ ಹತ್ತಿರಹತ್ತಿರ 83 ಲಕ್ಷ. ಬಂದ ಒಂದು ಚುಕ್ಕೆಯಿಂದ ಟಿವಿ ಇಪ್ಪತ್ತು ಚುಕ್ಕೆ ಮಾಡಿಕೊಳ್ಳಬೇಕು. ಉಳಿದ ಹತ್ತೊಂಬತ್ತನ್ನು ಅದು ಊಹೆ ಮಾಡಿ ತುಂಬುತ್ತದೆ. ಎಚ್‌ಡಿ ಆದರೆ 1920ಕ್ಕೆ 1080, ಸುಮಾರು 20 ಲಕ್ಷ. ಆಗ ಒಂದರಿಂದ ನಾಲ್ಕು ಮಾಡಿದರೆ ಸಾಕು.

ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ನಾಲ್ಕಕ್ಕೂ ಎಚ್‌ಡಿ ಚಾನೆಲ್ ಇದೆ. ಬಾಕ್ಸ್ ಎಚ್‌ಡಿ ಇದ್ದರೆ ಸಾಲದು, ಪ್ಯಾಕಿನಲ್ಲಿ ಆ ಚಾನೆಲ್‌ಗಳ ಎಚ್‌ಡಿಯೂ ಇರಬೇಕು. ಸುಮಾರು ಮನೆಗಳಲ್ಲಿ ನೋಡಿದ್ದೇನೆ: ಎಚ್‌ಡಿ ಬಾಕ್ಸ್ ಇರುತ್ತದೆ, ಎಚ್‌ಡಿ ಪ್ಯಾಕ್ ಇರುತ್ತದೆ, ಟಿವಿಗೆ ಹಾಕಿರುವುದು ಮಾತ್ರ ಕೆಂಪು ಬಿಳಿ ಹಳದಿ ಪಿನ್ನಿನ ಹಳೆ ವೈರು. ಅದರಲ್ಲಿ ಎಚ್‌ಡಿ ಬರುವುದೇ ಇಲ್ಲ. ಎಚ್‌ಡಿಎಂಐ ವೈರೇ ಹಾಕಬೇಕು.

ಶೆಟ್ಟಿಹಳ್ಳಿ ನಿವಾಸಿ
ಈಗಲೇ ಹಿಂದೆ ಕೈ ಹಾಕಿ ನೋಡಿದೆ. ಕೆಂಪು ಬಿಳಿ ಹಳದಿಯೇ. ಬಾಕ್ಸ್ ಕೂಡ ಎಸ್‌ಡಿ.

ಸಿರಾ ಗೇಟ್ ಕೇಬಲ್
ಹಾಗಾದರೆ ಮೊದಲು ಬಾಕ್ಸ್ ಬದಲಾಯಿಸಲು ದುಡ್ಡು ತೆಗೆದಿಡಿ ಸರ್. ಟಿವಿ ಆಮೇಲೆ.

ಹೊಳೆಯಾಚೆ ತುಮಕೂರಿಗ
ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ, ನಮ್ಮದು ಉಪ್ಪಾರಹಳ್ಳಿ. ಗೋಡೌನ್ ಅಂಗಡಿ ಅಂದಾಗ ಬಾಯಿ ಹಾಕಬೇಕು ಅನ್ನಿಸಿತು. ಇಲ್ಲಿ ಕಾಸ್ಟ್‌ಕೋ ಇದೆ. ವರ್ಷಕ್ಕೆ ದುಡ್ಡು ಕಟ್ಟಿ ಸದಸ್ಯರಾಗಬೇಕು. ಒಳಗೆ ಅಲಂಕಾರ ಏನೂ ಇಲ್ಲ. ಸಿಮೆಂಟ್ ನೆಲ, ಸೂರಿನವರೆಗೆ ರ‍್ಯಾಕ್, ಟಿವಿ ಡಬ್ಬ ಕೆಳಗೆ ರಾಶಿ. ಐವತ್ತು ಮಾಡೆಲ್ ಇರುವುದಿಲ್ಲ, ಆರಿಸಿದ ಕೆಲವೇ ಇರುತ್ತವೆ. ಜನ ಅಲ್ಲಿ ಟಿವಿ ಕೊಳ್ಳುವುದು ಬರೀ ಬೆಲೆಗಲ್ಲ. ಹಿಡಿಸದಿದ್ದರೆ 90 ದಿನದೊಳಗೆ ವಾಪಸ್ ಕೊಡಬಹುದು. ಕಂಪನಿಯ ವಾರಂಟಿ ಒಂದೇ ವರ್ಷವಿದ್ದರೂ ಅಂಗಡಿ ಎರಡು ವರ್ಷಕ್ಕೆ ಏರಿಸುತ್ತದೆ.

ನಿಮ್ಮ ನೆಲಮಂಗಲದ ಅಂಗಡಿ ಇದರಲ್ಲಿ ಯಾವುದನ್ನು ಕೊಡುತ್ತದೆ ಕೇಳಿ. ಸಿಮೆಂಟ್ ನೆಲ ಮತ್ತು ರ‍್ಯಾಕ್ ಮಾತ್ರ ಅಲ್ಲಿಂದ ತಂದಿದ್ದರೆ ಏನು ಬಂತು?

ಗುಬ್ಬಿಗೇಟ್ ಗುರು
ಅಣ್ಣ ಹಾಗಾದರೆ ನೀವೇ ಬರುವಾಗ ಒಂದು ತಂದುಬಿಡಿ!

ಹೊಳೆಯಾಚೆ ತುಮಕೂರಿಗ
ಆ ಕಾಲ ಹೋಯಿತು ತಮ್ಮ. 2013ರ ಆಗಸ್ಟ್‌ನಲ್ಲೇ ಚಪ್ಪಟೆ ಟಿವಿಯನ್ನು ಸುಂಕವಿಲ್ಲದ ಲಗೇಜಿನ ಪಟ್ಟಿಯಿಂದ ತೆಗೆದರು. ಸುಂಕ ಕಟ್ಟಿ ತಂದರೂ ಇಲ್ಲಿನ ಸೆಟ್ಟಿಗೆ ಅಲ್ಲಿ ವಾರಂಟಿ ಸಿಗುವುದಿಲ್ಲ. ಇಲ್ಲಿನ ಕರೆಂಟ್ 120 ವೋಲ್ಟ್, ಎಲ್ಲ ಸೆಟ್ಟೂ 230ಕ್ಕೆ ಒಗ್ಗುವುದಿಲ್ಲ. ಬೇಡವೇ ಬೇಡ.

ಲೆಕ್ಕದ ಪುಸ್ತಕ
ನಮ್ಮ ದೇಶಕ್ಕೆ ಈ ಥರದ ಗೋಡೌನ್ ವ್ಯಾಪಾರ ಬಂದದ್ದೂ ಬೆಂಗಳೂರಿಗೇ. ಮೆಟ್ರೋ ಎಂಬ ಸಗಟು ಅಂಗಡಿ 2003ರಲ್ಲಿ ಶುರು ಮಾಡಿತು. ಕಾರ್ಡ್ ಇದ್ದ ವ್ಯಾಪಾರಸ್ಥರಿಗೆ ಮಾತ್ರ ಪ್ರವೇಶ ಇತ್ತು. ನಮ್ಮ ತಂದೆ ಅಂಗಡಿಯ ಕಾರ್ಡ್ ಹಿಡಿದು ಹೋಗುತ್ತಿದ್ದರು. 2023ರಲ್ಲಿ ರಿಲಯನ್ಸ್ ರೀಟೇಲ್ ಅದನ್ನು ಕೊಂಡಿತು. ಅಲ್ಲಿ ಸಗಟು ಲೆಕ್ಕ ಅರ್ಥವಾಗುತ್ತದೆ: ಹತ್ತು ಚೀಲ ಸಕ್ಕರೆ ಕೊಂಡರೆ ಬೆಲೆ ಇಳಿಯುತ್ತದೆ. ಟಿವಿ ಒಂದೇ ಕೊಳ್ಳುವುದು. ಅದರಲ್ಲಿ ಬೆಲೆ ಇಳಿಯಬೇಕಾದರೆ ಒಂದೋ ಸ್ಟಾಕ್ ಹಳೆಯದು, ಇಲ್ಲ ಆಮೇಲಿನ ಸೇವೆ ಕಡಿಮೆ, ಇಲ್ಲ ನಿಜವಾಗಲೂ ಲಾಭ ಬಿಟ್ಟಿದ್ದಾರೆ. ಮೂರನೆಯದೂ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಮಾರ್ಚ್ ಕೊನೆಗೆ ಲೆಕ್ಕ ಮುಗಿಸುವಾಗ, ದೀಪಾವಳಿ ಆದ ಮೇಲೆ ಉಳಿದ ಮಾಲು ತೆಗೆಯುವಾಗ.

ಬಟವಾಡಿ ಬ್ಯಾಚುಲರ್
ಇಷ್ಟೆಲ್ಲ ಯಾಕೆ, ಆನ್‌ಲೈನ್‌ನಲ್ಲಿ ತರಿಸಿ. ಅದೇ ಬೆಲೆಗೆ ಮನೆ ಬಾಗಿಲಿಗೆ ಬರುತ್ತದೆ.

ಎಸ್ಸೆಸ್ ಪುರಂ ಅಕ್ಕ
ನಮ್ಮ ತಮ್ಮನಿಗೆ ಹಾಗೆ ಬಂದ ಟಿವಿಯ ಮೂಲೆ ಒಡೆದಿತ್ತು. ಡಬ್ಬ ಬಿಚ್ಚುವ ವಿಡಿಯೋ ಮಾಡಿರಲಿಲ್ಲ ಎಂದು ತಿಂಗಳುಗಟ್ಟಲೆ ಅಲೆಸಿದರು. ತಗೊಳ್ಳುವುದಾದರೆ ಡೆಲಿವರಿ ಹುಡುಗನ ಎದುರಿಗೇ ಬಿಚ್ಚಿಸಿ, ಆನ್ ಮಾಡಿಸಿ, ಆಮೇಲೆ ಒಟಿಪಿ ಹೇಳಿ.

ಹಿರೇಹಳ್ಳಿ ಶಿಫ್ಟ್
ನನ್ನದು ಬೇರೆ ಪ್ರಶ್ನೆ. ನಮಗೆ ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದೆ. 55 ಇಂಚು ಹಾಕಿದರೆ ಮಿತಿ ದಾಟಿ ಬಿಲ್ ಬರಲು ಶುರುವಾಗುತ್ತದಾ? ಮನೆಯವಳು ಇದೇ ಕಾರಣಕ್ಕೆ ಬೇಡ ಅನ್ನುತ್ತಿದ್ದಾಳೆ.

ಲೆಕ್ಕದ ಪುಸ್ತಕ
ಒಳ್ಳೆಯ ಪ್ರಶ್ನೆ. 55 ಇಂಚಿನ ಸಾಧಾರಣ ಎಲ್‌ಇಡಿ ಟಿವಿ ಸುಮಾರು 120 ವ್ಯಾಟ್ ಎಂದುಕೊಳ್ಳಿ. ದಿನಕ್ಕೆ ಐದು ಗಂಟೆ ಓಡಿದರೆ 0.6 ಯೂನಿಟ್, ತಿಂಗಳಿಗೆ 18. ಹಳೆಯ 32 ಇಂಚು 50 ವ್ಯಾಟ್ ಆದರೆ ತಿಂಗಳಿಗೆ ಏಳೂವರೆ. ಹೆಚ್ಚಾಗುವುದು ಹತ್ತು ಯೂನಿಟ್ ಆಸುಪಾಸು. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೂ ಎಲ್ಲರಿಗೂ ಉಚಿತ ಎಂದು ಸುಮಾರು ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. 2022-23ರ ನಿಮ್ಮ ಸರಾಸರಿ, ಅದರ ಮೇಲೆ ಶೇ 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು 10 ಯೂನಿಟ್), ಅಷ್ಟು ನಿಮ್ಮ ಪಾಲು. ಅದಕ್ಕಿಂತ ಮೇಲಾದದ್ದಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್. ಬೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಪಾಲು ಎಷ್ಟು ಅಂತ ಬರೆದಿರುತ್ತದೆ, ನೋಡಿಕೊಳ್ಳಿ. ಅಂಚಿನಲ್ಲಿದ್ದರೆ ಮಾತ್ರ ಯೋಚನೆ.

ರಿಪೇರಿ ಟೇಬಲ್
ಬ್ಯಾಕ್‌ಲೈಟ್, ಅಂದರೆ ಪರದೆ ಹಿಂದಿನ ಬೆಳಕು, ಇಳಿಸಿದರೆ ಆ 120 ಕೂಡ ಆಗುವುದಿಲ್ಲ. ಬ್ಯಾಕ್‌ಲೈಟ್ ಅಂದ ಮೇಲೆ ಪೂರ್ತಿ ಹೇಳಿಬಿಡುತ್ತೇನೆ, ನನ್ನ ಟೇಬಲ್‌ಗೆ ಬರುವುದರಲ್ಲಿ ಜಾಸ್ತಿ ಅದೇ.

ಎಲ್‌ಇಡಿ ಟಿವಿ ಬಿಚ್ಚಿದರೆ ಮುಂದೆ ತೆಳು ಗಾಜಿನ ಪ್ಯಾನೆಲ್. ಅದರ ಹಿಂದೆ ಎರಡು ಮೂರು ಬಿಳಿ ಹಾಳೆ. ಹಾಳೆ ಎತ್ತಿದರೆ ತಗಡಿನ ಮೇಲೆ ಸಾಲಾಗಿ ಅಂಟಿಸಿದ ಪಟ್ಟಿಗಳು, ಒಂದೊಂದು ಪಟ್ಟಿಯಲ್ಲೂ ಸಾಲಾಗಿ ಪುಟ್ಟ ಬಲ್ಬ್‌ಗಳು. ಪ್ರತಿ ಬಲ್ಬಿನ ಮೇಲೆ ಅಂಗಿ ಗುಂಡಿಯಷ್ಟು ಪ್ಲಾಸ್ಟಿಕ್ ಲೆನ್ಸ್, ಬೆಳಕನ್ನು ಅಗಲ ಮಾಡುವುದಕ್ಕೆ. ವರ್ಷಗಟ್ಟಲೆ ಪೂರ್ತಿ ಬೆಳಕಿನಲ್ಲಿ ಓಡಿಸಿದರೆ ಶಾಖಕ್ಕೆ ಅಂಟು ಬಿಟ್ಟು ಲೆನ್ಸ್ ಉದುರುತ್ತದೆ. ಆಗ ಪರದೆ ಮೇಲೆ ಬಿಳಿ ಚುಕ್ಕೆ ಕಾಣುತ್ತದೆ. ಇನ್ನೂ ಮುಂದೆ ಹೋದರೆ ಒಂದು ಬಲ್ಬ್ ಸುಟ್ಟು ಆ ಸಾಲೆಲ್ಲ ಆರುತ್ತದೆ. ಧ್ವನಿ ಬರುತ್ತದೆ, ಚಿತ್ರ ಇಲ್ಲ. ಕತ್ತಲಲ್ಲಿ ಪರದೆಗೆ ಟಾರ್ಚ್ ಹಿಡಿದರೆ ಚಿತ್ರ ಮಸುಕಾಗಿ ಕಾಣುತ್ತದೆ. ಹಾಗೆ ಕಂಡರೆ ಪ್ಯಾನೆಲ್ ಉಳಿದಿದೆ, ಪಟ್ಟಿ ಬದಲಾಯಿಸಿದರೆ ಸಾಕು. ‘ಪ್ಯಾನೆಲ್ ಹೋಯಿತು’ ಎಂದು ಹೇಳಿದವರ ಮಾತು ನಂಬಿ ಎಸೆಯಬೇಡಿ.

ಅದಕ್ಕೇ ಡಿಸ್‌ಪ್ಲೇ ಪೀಸ್ ಬೇಡ ಎಂದಿದ್ದು. ಅಂಗಡಿಯಲ್ಲಿ ಅದು ಬೆಳಗಿನಿಂದ ರಾತ್ರಿವರೆಗೆ ಪೂರ್ತಿ ಬೆಳಕಿನಲ್ಲಿ ಉರಿದಿರುತ್ತದೆ. ಮನೆಗೆ ತಂದ ದಿನವೇ ಬ್ಯಾಕ್‌ಲೈಟ್ 70ಕ್ಕೆ ಇಳಿಸಿ. ರಾತ್ರಿ ನೋಡಲು 50 ಕೂಡ ಸಾಕು.

ಶೆಟ್ಟಿಹಳ್ಳಿ ನಿವಾಸಿ
ನನ್ನದಕ್ಕೂ ಟಾರ್ಚ್ ಹಿಡಿಯಬೇಕಿತ್ತಾ? ಪರದೆ ಮೇಲೆ ಉದ್ದುದ್ದ ಗೆರೆ ಬಂದಿವೆ.

ರಿಪೇರಿ ಟೇಬಲ್
ಗೆರೆ ಬಂದಿದ್ದರೆ ಹೆಚ್ಚಾಗಿ ಪ್ಯಾನೆಲ್ಲೇ. ನಿಮ್ಮ ರಿಪೇರಿಯವರು ಸರಿಯಾಗಿಯೇ ಹೇಳಿರಬೇಕು.

ಶೆಟ್ಟಿಹಳ್ಳಿ ನಿವಾಸಿ
ಸರಿ. ಗೋಡೌನಿಗೆ ಇನ್ನೊಂದು ಸಲ ಹೋಗುತ್ತೇನೆ. ಏನೇನು ನೋಡಬೇಕು? ಅಲ್ಲಿ ಎಲ್ಲ ಟಿವಿಯೂ ಚೆನ್ನಾಗಿಯೇ ಕಾಣುತ್ತವೆ.

ರಿಪೇರಿ ಟೇಬಲ್
ಕಾಣಲೇಬೇಕು, ಶಾಪ್ ಮೋಡ್‌ನಲ್ಲಿ ಇಟ್ಟಿರುತ್ತಾರೆ. ಬೆಳಕು ತುದಿಗೆ, ಬಣ್ಣ ತುದಿಗೆ, ಬಿಳಿ ಎಲ್ಲ ನೀಲಿ. ಹೋಮ್ ಮೋಡ್‌ಗೆ ಹಾಕಲು ಹೇಳಿ. ಒಂದು ಪೆನ್‌ಡ್ರೈವ್‌ನಲ್ಲಿ ಪೂರ್ತಿ ಬೂದು ಬಣ್ಣದ ಒಂದು ಚಿತ್ರ, ಪೂರ್ತಿ ಕಪ್ಪಿನ ಒಂದು ಚಿತ್ರ, ನಿಮ್ಮ ಫೋನಿನಲ್ಲಿ ತೆಗೆದ ಮನೆಯವರ ವಿಡಿಯೋ ಒಂದು ಹಾಕಿಕೊಂಡು ಹೋಗಿ. ಬೂದು ಚಿತ್ರದಲ್ಲಿ ಕಲೆ, ಪಟ್ಟೆ ಇದ್ದರೆ ಎದ್ದು ಕಾಣುತ್ತದೆ. ಕ್ರಿಕೆಟ್ ನೋಡುವವರಿಗೆ ಇದು ಮುಖ್ಯ: ಕ್ಯಾಮೆರಾ ಮೈದಾನದ ಮೇಲೆ ಓಡುವಾಗ ಹುಲ್ಲಿನಲ್ಲಿ ಆ ಪಟ್ಟೆಯೇ ತೇಲಿದ ಹಾಗೆ ಕಾಣುತ್ತದೆ. ಮನೆಯವರ ವಿಡಿಯೋ ಯಾಕೆಂದರೆ ಅವರ ಮೈಬಣ್ಣ ನಿಮಗೆ ಗೊತ್ತು. ಮೀನಿನ ಬಣ್ಣ ಯಾರಿಗೆ ಗೊತ್ತು?

ಆಮೇಲೆ ನಿಮ್ಮ ದಿವಾನ್ ಎಷ್ಟು ಓರೆಗಿದೆಯೋ ಅಷ್ಟು ಪಕ್ಕಕ್ಕೆ ಹೋಗಿ ನಿಂತು ನೋಡಿ. ಪ್ಯಾನೆಲ್‌ನಲ್ಲಿ ಐಪಿಎಸ್, ವಿಎ ಎಂದು ಎರಡು ಜಾತಿ. ವಿಎ ಎದುರಿನಿಂದ ಚೆಂದ, ಕಪ್ಪು ಕಪ್ಪಾಗಿಯೇ ಕಾಣುತ್ತದೆ, ಪಕ್ಕದಿಂದ ಬಣ್ಣ ತೊಳೆದುಹೋದಂತಾಗುತ್ತದೆ. ಐಪಿಎಸ್ ಪಕ್ಕದಿಂದಲೂ ಪರವಾಗಿಲ್ಲ, ಕಪ್ಪು ಮಾತ್ರ ಬೂದಿ ಬೂದಿ. ಒಂದೇ ಮಾಡೆಲ್‌ನಲ್ಲಿ ಎರಡೂ ಬರುವುದುಂಟು. ಆದ್ದರಿಂದ ಮಾರುವವನ ಮಾತಿಗಿಂತ ನಿಮ್ಮ ಕಣ್ಣು ವಾಸಿ. ಅಮ್ಮನನ್ನೇ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಬಟವಾಡಿ ಬ್ಯಾಚುಲರ್
ಕ್ಯುಎಲ್‌ಇಡಿ ತಗೊಳ್ಳಿ ಸರ್, ಅದೇ ದುಡ್ಡಿಗೆ ಬೇರೆ ಕಂಪನಿಯದು ಬರುತ್ತದೆ. ಎಚ್‌ಡಿಆರ್, ಡಾಲ್ಬಿ ವಿಷನ್ ಎಲ್ಲ ಇದೆ.

ರಿಪೇರಿ ಟೇಬಲ್
ಕ್ಯುಎಲ್‌ಇಡಿ ಎಂದರೂ ಹಿಂದಿನಿಂದ ಬೆಳಕು ಹಾಕುವ ಅದೇ ಎಲ್‌ಸಿಡಿ, ಬಣ್ಣಕ್ಕೆ ಒಂದು ಪದರ ಜಾಸ್ತಿ. ಬಣ್ಣ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಓಎಲ್‌ಇಡಿ ಮಾತ್ರ ಬೇರೆಯೇ, ಅದರಲ್ಲಿ ಪ್ರತಿ ಚುಕ್ಕೆಯೂ ತಾನೇ ಉರಿಯುತ್ತದೆ, ಬೆಲೆಯೂ ಬೇರೆ. ಇನ್ನು ಎಚ್‌ಡಿಆರ್, ಅಂದರೆ ತೀರಾ ಬೆಳಕು, ತೀರಾ ಕತ್ತಲು ಎರಡನ್ನೂ ಎದ್ದು ಕಾಣುವಂತೆ ತೋರಿಸುವುದು. ಪರದೆಗೆ 250-300 ನಿಟ್ಸ್ ಬೆಳಕು ಮಾತ್ರ ಇದ್ದರೆ ಡಬ್ಬದ ಮೇಲೆ ಏನು ಬರೆದರೂ ಎಚ್‌ಡಿಆರ್ ಹೆಸರಿಗಷ್ಟೇ. ಈ ಬಜೆಟ್‌ನಲ್ಲಿ ಅದನ್ನು ನೋಡಿ ದುಡ್ಡು ಹಾಕುವುದು ದಂಡ.

ಬಟವಾಡಿ ಬ್ಯಾಚುಲರ್
ಸ್ಮಾರ್ಟ್ ಫೀಚರ್?

ರಿಪೇರಿ ಟೇಬಲ್
ಅದಕ್ಕೂ ಹೆಚ್ಚು ಕೊಡಬೇಡಿ. ನಾಲ್ಕೈದು ವರ್ಷಕ್ಕೆ ಯಾವ ಟಿವಿಯ ಸಾಫ್ಟ್‌ವೇರ್ ಆದರೂ ಕುಂಟುತ್ತದೆ. ಆಗ ಆಪ್ ಓಡಿಸುವ ಒಂದು ಸ್ಟಿಕ್ ಚುಚ್ಚಿದರೆ ಮುಗಿಯಿತು. ಪ್ಯಾನೆಲ್‌ಗೆ ಹಾಗೆ ಏನೂ ಚುಚ್ಚಲು ಬರುವುದಿಲ್ಲ. ಗೋಡೌನ್‌ಗಳಲ್ಲಿ ಹೆಸರೇ ಕೇಳಿರದ ಬ್ರ್ಯಾಂಡ್‌ಗಳೂ ಇರುತ್ತವೆ. ಅವುಗಳಲ್ಲಿ ಒಂದು ಮಾತ್ರ ಪರೀಕ್ಷೆ ಮಾಡಿ: ನೀವು ದುಡ್ಡು ಕಟ್ಟುವ ಆಪ್ ಅದರಲ್ಲಿ ಎಚ್‌ಡಿಯಲ್ಲಿ ಓಡುತ್ತದಾ? ಲೈಸೆನ್ಸ್ ಸರಿಯಿಲ್ಲದ ಸೆಟ್ಟಿನಲ್ಲಿ ಸಿನಿಮಾ ಆಪ್‌ಗಳು ಎಸ್‌ಡಿ ಚಿತ್ರವನ್ನೇ ಕಳಿಸುತ್ತವೆ. 4ಕೆ ಟಿವಿ, ಎಸ್‌ಡಿ ಸಿನಿಮಾ.

ಕ್ಯಾತ್ಸಂದ್ರ ಮೇಷ್ಟ್ರು
ತಡವಾಗಿ ಓದಿದೆ. ನನ್ನ ಕಡೆಯಿಂದ ಬಿಲ್ಲಿನ ವಿಷಯ. ಕಚ್ಚಾ ಚೀಟಿ ತಗೊಂಡು ಬರಬೇಡಿ. ಜಿಎಸ್‌ಟಿ ಬಿಲ್ ಬೇಕು, ಅದರಲ್ಲಿ ಟಿವಿಯ ಸೀರಿಯಲ್ ನಂಬರ್ ಇರಬೇಕು, ಡಬ್ಬದ ಮೇಲಿನ ನಂಬರಿಗೆ ತಾಳೆಯಾಗಬೇಕು. ವಾರಂಟಿ ಬಿಲ್ಲಿನ ತಾರೀಖಿನಿಂದ ಶುರುವಾಗುತ್ತದೆ. ‘ಮೂರು ವರ್ಷ ವಾರಂಟಿ’ ಎಂದರೆ ಯಾರದು ಎಂದು ಕೇಳಿ. ಮೊದಲ ವರ್ಷ ಕಂಪನಿಯದು, ಮಿಕ್ಕಿದ್ದು ಯಾವುದೋ ಮೂರನೆಯವರದು ಎಂದಾದರೆ ಕೆಟ್ಟಾಗ ಅವರ ಹಿಂದೆ ಓಡಾಡಬೇಕು. ಅಂಗಡಿಯಲ್ಲೇ ನಿಂತು ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ನಿಮ್ಮ ಪಿನ್‌ಕೋಡ್ ಹೇಳಿ, ಇಲ್ಲಿಗೆ ಬಂದು ಟಿವಿ ಕೂರಿಸುತ್ತೀರಾ, ಕೆಟ್ಟರೆ ಬರುತ್ತೀರಾ ಕೇಳಿ. ಐದು ನಿಮಿಷದ ಕೆಲಸ.

ಮುಂದೆ ಜಗಳವಾದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲೂ ಆಗದಿದ್ದರೆ ನಮ್ಮ ಜಿಲ್ಲಾ ಗ್ರಾಹಕರ ಆಯೋಗ. ಐದು ಲಕ್ಷದವರೆಗಿನ ಮಾಲಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. 2019ರ ಕಾಯ್ದೆಯಲ್ಲಿ ಇನ್ನೊಂದು ಅನುಕೂಲ ಬಂದಿದೆ: ಅಂಗಡಿ ಬೇರೆ ಜಿಲ್ಲೆಯಲ್ಲಿದ್ದರೂ ನೀವು ಇರುವ ಊರಿನಲ್ಲೇ ದೂರು ಕೊಡಬಹುದು. ನೆಲಮಂಗಲಕ್ಕೆ ಅಲೆಯಬೇಕಿಲ್ಲ.

ಗುಬ್ಬಿಗೇಟ್ ಗುರು
ಮೇಷ್ಟ್ರೇ, ಟಿವಿ ಕೊಳ್ಳುವ ಮೊದಲೇ ಕೋರ್ಟಿಗೆ ಕಳಿಸುತ್ತಿದ್ದೀರಲ್ಲ!

ಕ್ಯಾತ್ಸಂದ್ರ ಮೇಷ್ಟ್ರು
ಬಿಲ್ ಸರಿಯಿದ್ದರೆ ಕೋರ್ಟಿನವರೆಗೆ ಹೋಗುವುದೇ ಇಲ್ಲಪ್ಪ. ಅದಕ್ಕೇ ಹೇಳಿದ್ದು.

ಹಿರೇಹಳ್ಳಿ ಶಿಫ್ಟ್
ಸಾಗಾಟದ ಬಗ್ಗೆ ನಾನು ಹೇಳುತ್ತೇನೆ, ಫ್ಯಾಕ್ಟರಿಯಲ್ಲಿ ಲೋಡಿಂಗ್ ನೋಡಿಕೊಳ್ಳುವುದು ನಾನೇ. 55 ಇಂಚಿನ ಡಬ್ಬ ನಾಲ್ಕೂವರೆ ಅಡಿ ಆಗುತ್ತದೆ. ಸಣ್ಣ ಕಾರಿನ ಹಿಂದಿನ ಸೀಟಿಗೆ ಹೋಗುವುದಿಲ್ಲ. ಹೋಗಿಸಲು ಮಲಗಿಸುತ್ತಾರೆ, ಮಲಗಿಸಿದರೆ ಕೆಟ್ಟಿತು. ರಸ್ತೆ ಉಬ್ಬು ಹಾರಿದಾಗಲೆಲ್ಲ ಪ್ಯಾನೆಲ್ ನಡುವೆ ಬಾಗುತ್ತದೆ. ಹೊರಗೆ ಡಬ್ಬಕ್ಕೆ ಗೀರೂ ಬಿದ್ದಿರುವುದಿಲ್ಲ, ಒಳಗೆ ಗಾಜು ಹೋಗಿರುತ್ತದೆ. ಅದಕ್ಕೆ ವಾರಂಟಿ ಇಲ್ಲ. ಟಾಟಾ ಏಸ್ ಮಾಡಿ, ನಿಲ್ಲಿಸಿ, ಎರಡೂ ಕಡೆ ಕಟ್ಟಿ ತನ್ನಿ. ಇಲ್ಲ ಅಂಗಡಿಯವರ ಜವಾಬ್ದಾರಿಯಲ್ಲೇ ಮನೆಗೆ ತಲುಪಿಸಲಿ.

ಎಸ್ಸೆಸ್ ಪುರಂ ಅಕ್ಕ
ಗೋಡೆಗೆ ಹಾಕುವಾಗ ದಯವಿಟ್ಟು ಸೂರಿಗೆ ಹತ್ತಿಸಬೇಡಿ. ಎಲ್ಲರ ಮನೆಯಲ್ಲೂ ದೇವರ ಫೋಟೋ ಎತ್ತರಕ್ಕೆ ಟಿವಿ ಹಾಕುತ್ತಾರೆ, ಆಮೇಲೆ ಕತ್ತು ನೋವು ಅನ್ನುತ್ತಾರೆ. ಕೂತಾಗ ಕಣ್ಣು ಎಲ್ಲಿರುತ್ತದೋ ಪರದೆಯ ನಡು ಅಲ್ಲಿರಬೇಕು. ಅಮ್ಮ ದಿವಾನ್ ಮೇಲೆ ಕೂತಾಗ ಅಳತೆ ತಗೊಳ್ಳಿ.

ಶೆಟ್ಟಿಹಳ್ಳಿ ನಿವಾಸಿ
ಹೋಗಿ ಬಂದೆ. ಅಮ್ಮನೂ ಬಂದಿದ್ದರು.

ಆ 34,000ದ ಯುಆರ್ ಡಬ್ಬದಲ್ಲಿ ತಯಾರಾದ ತಾರೀಖು 2023ರದ್ದೇ. ಒಂದೇ ಪೀಸ್ ಉಳಿದಿದೆ, ಅದೂ ಗೋಡೆ ಮೇಲೆ ಉರಿಯುತ್ತಿರುವುದು. ‘ಡಬ್ಬ ಕೊಡುತ್ತೇವೆ ಸರ್’ ಎಂದರು. ಬೇಡ ಎಂದೆ. ಅದರ ಪಕ್ಕದಲ್ಲಿ 2024ರ ಯುಟಿ ಇತ್ತು, ಸೀಲ್ ಒಡೆಯದ ಡಬ್ಬ, 37,500. ಡಿಸ್‌ಪ್ಲೇಗೆ ಇಟ್ಟಿದ್ದ ಯುಟಿಯನ್ನು ಹೋಮ್ ಮೋಡ್‌ಗೆ ಹಾಕಲು ಕೇಳಿದರೆ ಹುಡುಗನಿಗೆ ಆ ಮೋಡ್ ಎಲ್ಲಿದೆ ಎಂದೇ ಗೊತ್ತಿಲ್ಲ. ನಾನೇ ರಿಮೋಟ್ ಇಸಿದುಕೊಂಡು ಹಾಕಿದೆ. ಚಿತ್ರ ಅರ್ಧಕ್ಕರ್ಧ ಮಂಕಾಯಿತು. ಅಮ್ಮ ಮಾತ್ರ ‘ಈಗ ಕಣ್ಣಿಗೆ ತಂಪಾಗಿದೆ’ ಎಂದರು! ಪಕ್ಕಕ್ಕೆ ನಿಂತು ಮಗಳ ಹುಟ್ಟುಹಬ್ಬದ ವಿಡಿಯೋ ನೋಡಿದೆವು. ಪರವಾಗಿಲ್ಲ, ಬಣ್ಣ ಹೋಗಲಿಲ್ಲ. ಬೂದು ಚಿತ್ರದಲ್ಲಿ ಎಡ ಅಂಚಿಗೆ ಸ್ವಲ್ಪ ನೆರಳಿತ್ತು.

ಅಲ್ಲಿಂದಲೇ ಬಿ.ಎಚ್. ರಸ್ತೆಯವರಿಗೆ ಫೋನ್ ಮಾಡಿದೆ. ಅವರ ಹತ್ತಿರ ಯುಟಿ ಇಲ್ಲ. ಯುಎಗೆ 42ರಿಂದ 40ಕ್ಕೆ ಇಳಿದರು, ಸ್ಟ್ಯಾಂಡ್ ಮತ್ತು ಮನೆಗೆ ತಲುಪಿಸುವುದು ಸೇರಿ. ಗೋಡೌನಿನವರು ತುಮಕೂರಿಗೆ 1,400 ಕೇಳಿದರು, ಸ್ಟ್ಯಾಂಡ್‌ಗೆ 900. ಒಟ್ಟು 39,800.

ಲೆಕ್ಕದ ಪುಸ್ತಕ
ಎಂಟು ಸಾವಿರದ ವ್ಯತ್ಯಾಸ ಬರೀ ಇನ್ನೂರು ರೂಪಾಯಿಗೆ ಬಂತು.

ಶೆಟ್ಟಿಹಳ್ಳಿ ನಿವಾಸಿ
ಹೌದು ಸರ್. ಬಿ.ಎಚ್. ರಸ್ತೆಯದನ್ನೇ ತಗೊಂಡೆ. ಅವರೂ ಅಂಗಡಿಯಲ್ಲಿ ಪೆನ್‌ಡ್ರೈವ್ ಹಾಕಲು ಮೊದಲು ಒಪ್ಪಲಿಲ್ಲ, ಕೂತು ಹಾಕಿಸಿದೆ. ಎಚ್‌ಡಿ ಬಾಕ್ಸ್‌ಗೆ ಹೇಳಿದ್ದೇನೆ.

ಗುಬ್ಬಿಗೇಟ್ ಗುರು
ನಾನಾಗಿದ್ದರೆ 34 ಹೇಳಿದ ಆ ಗೋಡೆ ಮೇಲಿನದನ್ನೇ 28ಕ್ಕೆ ಕೇಳಿ ತರುತ್ತಿದ್ದೆ. ಎಂಟು ವರ್ಷ ಯಾರು ಇಟ್ಟುಕೊಳ್ಳುತ್ತಾರೆ ಟಿವಿಯನ್ನ?

ರಿಪೇರಿ ಟೇಬಲ್
ತನ್ನಿ ಗುರು. ನನ್ನ ಟೇಬಲ್ ಖಾಲಿ ಇದೆ.

ಶೆಟ್ಟಿಹಳ್ಳಿ ನಿವಾಸಿ
ಹೊಸ ತಲೆನೋವು. ಟಿವಿ ಹಾಕಿದರೆ ಮೊದಲು ಆಪ್‌ಗಳ ಪುಟ ಬರುತ್ತದೆ. ಅಮ್ಮನಿಗೆ ಚಾನೆಲ್‌ಗೆ ಹೋಗಲು ಗೊತ್ತಾಗುತ್ತಿಲ್ಲ. ಎರಡು ರಿಮೋಟ್ ಬೇರೆ. ನಾನು ಆಫೀಸಿನಲ್ಲಿರುವಾಗ ಆರು ಗಂಟೆಗೆ ಸರಿಯಾಗಿ ಫೋನ್ ಬರುತ್ತದೆ.

ಸಿರಾ ಗೇಟ್ ಕೇಬಲ್
ಸೆಟ್ಟಿಂಗ್ಸ್‌ನಲ್ಲಿ ಜನರಲ್ ಒಳಗೆ ಹುಡುಕಿ. ಹೋಮ್ ಸೆಟ್ಟಿಂಗ್ಸ್‌ನಲ್ಲಿ ‘ಹೋಮ್ ಆಟೋ ಲಾಂಚ್’ ಎಂದು ಒಂದಿದೆ, ಅದನ್ನು ಆಫ್ ಮಾಡಿ. ಆಮೇಲೆ ಟಿವಿ ಹಾಕಿದರೆ ಕೊನೆಗೆ ನೋಡಿದ್ದು ಬಾಕ್ಸ್ ಆಗಿದ್ದರೆ ಬಾಕ್ಸೇ ಬರುತ್ತದೆ. ರಾತ್ರಿ ಮಗಳು ಯೂಟ್ಯೂಬ್‌ನಲ್ಲೇ ಬಿಟ್ಟು ಆಫ್ ಮಾಡಿದರೆ ಮಾತ್ರ ಮತ್ತೆ ಫೋನ್ ಬರುತ್ತದೆ. ಅದಕ್ಕೆ ಸೆಟ್ಟಿಂಗ್ ಇಲ್ಲ, ಮಗಳಿಗೇ ಹೇಳಬೇಕು.